ಅಚ್ಚುಮೊಳೆ, ತಲೆಬುರುಡೆ ಮತ್ತು ಒಂದು ಜಾಹೀರಾತು

ಸ್ಕ್ರೀನ್ ಮೇಲೆ ಈ ಚಿತ್ರ ನೋಡಿ. ಒಂದು ತಲೆಬುರುಡೆ, ಜೊತೆಗೆ ಅಡ್ಡಡ್ಡ ಎರಡು ಮೂಳೆ. ನಮ್ಮೂರಲ್ಲಿ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ‘ಅಪಾಯ’ ಅಂತ ಬೋರ್ಡ್ ತಗುಲಿಸಿರುತ್ತಾರಲ್ಲ, ಥೇಟ್ ಅದೇ. ಆದರೆ ಇದು ಪತ್ರಿಕೆಯ ಪುಟ. 1765ರ ಅಕ್ಟೋಬರ್ 10ರ ‘ಮೇರಿಲ್ಯಾಂಡ್ ಗೆಜೆಟ್’. ಅವತ್ತು ಪತ್ರಿಕೆಯ ಹೆಸರಿನ ಜೊತೆಗೇ ಒಂದು ಮಾತು ಅಚ್ಚಾಗಿತ್ತು: ಕೊನೆಯುಸಿರು ಎಳೆಯುತ್ತಿದೆ, ಮತ್ತೆ ಬದುಕಿ ಬಂದೀತು ಅನ್ನುವ ಅರೆಬರೆ ಆಸೆಯಲ್ಲಿ.

ತನ್ನ ಸಾವಿನ ಸುದ್ದಿಯನ್ನು ತಾನೇ ಅಚ್ಚು ಹಾಕಿಕೊಂಡ ಪತ್ರಿಕೆ! ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಆರ್ಕೈವ್ಸ್‌ನವರು ಇದರ ಹಳೇ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕಿದ್ದಾರೆ. ಒಂದು ರಾತ್ರಿ ಸುಮ್ನೆ ನೋಡೋಣ ಅಂತ ತೆರೆದವಳು ಎರಡು ಗಂಟೆಯಾದರೂ ಮಲಗಲಿಲ್ಲ. ಶನಿವಾರ ಬೆಳಿಗ್ಗೆ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಆ ರಾಜ್ಯದ ರಾಜಧಾನಿ ಅನಾಪೊಲಿಸ್‌ಗೆ ಹೊರಟೇಬಿಟ್ಟೆ.

ಇದು ಚಾರ್ಲ್ಸ್ ಸ್ಟ್ರೀಟ್. ಇಟ್ಟಿಗೆ ಹಾಸಿದ ಫುಟ್‌ಪಾತ್, ಒಂದಕ್ಕೊಂದು ಒತ್ತಿಕೊಂಡ ಮನೆಗಳು. ಈಗ ಕಾಣುತ್ತಿರುವ ಮನೆಯೇ ಜೋನಸ್ ಗ್ರೀನ್ ಅವರ ಮನೆ. ಒಳಗೆ ಹೋಗಲಿಲ್ಲ, ಹೊರಗಿನಿಂದಲೇ ತೋರಿಸುತ್ತಿದ್ದೇನೆ. ಮೇರಿಲ್ಯಾಂಡ್ ಗೆಜೆಟ್ ಅನ್ನುವ ಪತ್ರಿಕೆಯನ್ನು ಇಲ್ಲಿ ಮೊದಲು ಶುರು ಮಾಡಿದ್ದು ವಿಲಿಯಂ ಪಾರ್ಕ್ಸ್, 1727ರಲ್ಲಿ. ಅದು ನಿಂತುಹೋಯಿತು. 1745ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಹೊರಡಿಸಿದ್ದು ಗ್ರೀನ್. ತಮಾಷೆ ಮನುಷ್ಯ. ಊರಿನ ‘ಟ್ಯೂಸ್‌ಡೇ ಕ್ಲಬ್’ ಗೆಳೆಯರು ಇವರಿಗೆ ಐದು ‘ಪಿ’ಗಳ ಬಿರುದು ಕೊಟ್ಟಿದ್ದರು. ಪೊಯೆಟ್, ಪ್ರಿಂಟರ್, ಪಂಚ್ ಮಾಡಿ ಬಡಿಸುವವನು ಹೀಗೆ. ಪಂಚ್ ಅಂದರೆ ಗುದ್ದು ಅಲ್ಲ, ಕುಡಿಯುವ ಪಂಚ್.

1980ರ ದಶಕದಲ್ಲಿ ಈ ಮನೆಯ ಹಿಂದೆ ಅಗೆದಾಗ ಸೀಸದ ಅಚ್ಚುಮೊಳೆಗಳು ಸಿಕ್ಕವು. ಒಂದೆರಡಲ್ಲ, ಸಾವಿರಾರು. ಕೆಲಸ ಹೇಗಿರುತ್ತಿತ್ತು ಅಂದರೆ, ಒಬ್ಬರು ಒಂದೊಂದೇ ಮೊಳೆಯನ್ನು ತಿರುಗಾಮುರುಗಾ ಜೋಡಿಸಬೇಕು. ಇನ್ನೊಬ್ಬರು ಉಣ್ಣೆ ತುಂಬಿದ ಚರ್ಮದ ಚೆಂಡಿನಿಂದ ಅದರ ಮೇಲೆ ಶಾಯಿ ಬಡಿಯಬೇಕು. ಮತ್ತೊಬ್ಬರು ಪ್ರೆಸ್ಸಿನ ಹಿಡಿ ಎಳೆಯಬೇಕು. ಆ ಚರ್ಮ ಮೆತ್ತಗಿರಲಿ ಅಂತ ರಾತ್ರಿಯಿಡೀ ಮೂತ್ರದಲ್ಲಿ ನೆನೆಸಿಡುತ್ತಿದ್ದರಂತೆ. ಪತ್ರಿಕಾ ಸ್ವಾತಂತ್ರ್ಯದ ವಾಸನೆ ಹೇಗಿತ್ತು ಅಂತ ಊಹಿಸಿಕೊಳ್ಳಿ.

ಸರಿ, ತಲೆಬುರುಡೆ ವಿಷಯಕ್ಕೆ ಬರೋಣ. 1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸ್ಟ್ಯಾಂಪ್ ಆಕ್ಟ್ ತಂದಿತು. ನವೆಂಬರ್ 1ರಿಂದ ಅಮೆರಿಕದ ವಸಾಹತುಗಳಲ್ಲಿ ಪತ್ರಿಕೆ, ಕೋರ್ಟು ಕಾಗದ, ಕೊನೆಗೆ ಇಸ್ಪೀಟು ಎಲೆಗೂ ಸ್ಟ್ಯಾಂಪ್ ತೆರಿಗೆ. ಪತ್ರಿಕೆಯ ಪ್ರತಿ ಜಾಹೀರಾತಿಗೆ 2 ಷಿಲ್ಲಿಂಗ್. ಗ್ರೀನ್ ಅವರ ಪತ್ರಿಕೆಯಲ್ಲಿ ಜಾಹೀರಾತಿಗೆ ಮೊದಲ ವಾರ 5 ಷಿಲ್ಲಿಂಗ್, ಆಮೇಲೆ ವಾರಕ್ಕೆ 1. ಲೆಕ್ಕ ಹಾಕಿ. ಎರಡನೇ ವಾರದಿಂದ ಅಚ್ಚು ಹಾಕಿದವರಿಗೆ 1, ರಾಜನಿಗೆ 2! ಸಿದ್ಧಾಂತ ಆಮೇಲೆ, ಮೊದಲು ಏಟು ಬಿದ್ದಿದ್ದು ಹೊಟ್ಟೆಗೆ. ಸ್ಟ್ಯಾಂಪ್ ಹಂಚುವ ಕೆಲಸ ಒಪ್ಪಿಕೊಂಡ ಇದೇ ಊರಿನ ವ್ಯಾಪಾರಿ ಝಕರಾಯ ಹುಡ್ ಅವರ ಬೊಂಬೆ ಮಾಡಿ ಸುಟ್ಟರು, ಕಟ್ಟಡ ಕೆಡವಿದರು. ಅವರು ನ್ಯೂಯಾರ್ಕ್‌ಗೆ ಓಡಿಹೋದರು.

ಗ್ರೀನ್ ಪತ್ರಿಕೆ ನಿಲ್ಲಿಸಿದರು. ಆದರೆ ಸುಮ್ಮನಿರುವ ಜನವೇ ಅವರು? ಡಿಸೆಂಬರ್‌ನಲ್ಲಿ ‘ದಿವಂಗತ ಮೇರಿಲ್ಯಾಂಡ್ ಗೆಜೆಟ್‌ನ ಭೂತ’ ಅಂತ ಒಂದು ಸಂಚಿಕೆ ತಂದರು. ಸತ್ತಿಲ್ಲ, ನಿದ್ದೆ ಮಾಡುತ್ತಿದೆ ಅಂತ ಬೇರೆ ಸೇರಿಸಿದರು. 1766ರ ಶುರುವಿನಲ್ಲಿ ಪತ್ರಿಕೆ ಎದ್ದು ಕೂತಿತು. ಮಾರ್ಚ್‌ನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ವಾಪಸು ತೆಗೆದುಕೊಂಡಿತು.

ಮರುವರ್ಷ ಏಪ್ರಿಲ್‌ನಲ್ಲಿ ಜೋನಸ್ ತೀರಿಕೊಂಡರು. ನನಗೆ ಕತೆ ನಿಜಕ್ಕೂ ಶುರುವಾಗುವುದು ಇಲ್ಲಿಂದ. ಹೆಂಡತಿ ಆನ್ ಕ್ಯಾಥರಿನ್ ಗ್ರೀನ್. 14 ಮಕ್ಕಳನ್ನು ಹೆತ್ತವರು, ಉಳಿದಿದ್ದು 6. ಗಂಡ ಹೋದ ಮೇಲೂ ಪತ್ರಿಕೆಯನ್ನು ನಿಲ್ಲಲು ಬಿಡಲಿಲ್ಲ. ವಸಾಹತಿನ ಸರ್ಕಾರಿ ಮುದ್ರಕಿಯೂ ಆದರು. ಸಂಬಳ ತಂಬಾಕಿನ ಲೆಕ್ಕದಲ್ಲಿ! ಇಲ್ಲಿ ಆಗ ತಂಬಾಕೇ ದುಡ್ಡು. ವಾಷಿಂಗ್ಟನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯವರ ಬಳಿ ಇವರ ಚಿತ್ರ ಇದೆ, ಚಾರ್ಲ್ಸ್ ವಿಲ್ಸನ್ ಪೀಲ್ ಬರೆದಿದ್ದು. ಕೈಯಲ್ಲಿ ಹೂವಿಲ್ಲ, ಬೀಸಣಿಗೆ ಇಲ್ಲ. ಅಚ್ಚಾದ ಕಾಗದ ಹಿಡಿದಿದ್ದಾರೆ.

1773ರಲ್ಲಿ ಇವರ ಪತ್ರಿಕೆಯಲ್ಲೇ ಆ ದೊಡ್ಡ ಜಗಳ ನಡೆದಿದ್ದು. ಅಧಿಕಾರಿಗಳ ಫೀಸನ್ನು ಗವರ್ನರ್ ತಾವೇ ನಿಗದಿ ಮಾಡಬಹುದೇ ಅನ್ನುವುದು ಪ್ರಶ್ನೆ. ಮಾಡಬಹುದು ಅಂದವರು ಡೇನಿಯಲ್ ಡುಲಾನಿ, ‘ಆಂಟಿಲಾನ್’ ಅನ್ನುವ ಹೆಸರಿನಲ್ಲಿ. ಕೂಡದು ಅಂದವರು ‘ಫಸ್ಟ್ ಸಿಟಿಜನ್’, ಅಂದರೆ ಚಾರ್ಲ್ಸ್ ಕ್ಯಾರಲ್. ಕ್ಯಾರಲ್ ಕ್ಯಾಥೊಲಿಕ್ ಆದ್ದರಿಂದ ವೋಟು ಹಾಕುವಂತಿಲ್ಲ, ಹುದ್ದೆ ಹಿಡಿಯುವಂತಿಲ್ಲ. ವೋಟಿಲ್ಲದ ಮನುಷ್ಯ ತಾನೇ ಮೊದಲ ಪ್ರಜೆ ಅಂತ ಹೆಸರಿಟ್ಟುಕೊಂಡು ವಾರಗಟ್ಟಲೆ ವಾದ ಮಾಡಿದರು, ಊರು ಅವರ ಕಡೆ ವಾಲಿತು. ಮೂರು ವರ್ಷದ ನಂತರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು.

ಆನ್ ಕ್ಯಾಥರಿನ್ 1775ರಲ್ಲಿ ತೀರಿಕೊಂಡರು. ಮಕ್ಕಳು ನಡೆಸಿದರು, ಮೊಮ್ಮಗ ನಡೆಸಿದರು. 1839ಕ್ಕೆ ನಿಂತಿತು. ಹೆಸರು ಮಾತ್ರ ಆಮೇಲೆ ಮತ್ತೆ ಬಳಕೆಗೆ ಬಂತು, ಮುಂದೆ ‘ದ ಕ್ಯಾಪಿಟಲ್’ ಅನ್ನುವ ಸ್ಥಳೀಯ ಪತ್ರಿಕೆಯ ಜೊತೆ ಒಂದೇ ಮನೆಯೊಳಗೆ ಸೇರಿತು. ಕ್ಯಾಪಿಟಲ್ ಗೆಜೆಟ್ ಅನ್ನುವ ಹೆಸರು ಬಂದಿದ್ದು ಹಾಗೆ. 1727ರಿಂದ ಇದೇ ಪತ್ರಿಕೆ ಅಂತ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಮಧ್ಯೆ ಅಷ್ಟು ದೊಡ್ಡ ತೂತಿದೆ. ಆದರೆ ಊರಿನವರಿಗೆ ಇದು ತಮ್ಮ ಪತ್ರಿಕೆ, ಅದರಲ್ಲಿ ಅನುಮಾನವಿಲ್ಲ.

ಕಾಂಪ್ರೊಮೈಸ್ ಸ್ಟ್ರೀಟ್ ಪಕ್ಕದ ಈ ಚಿಕ್ಕ ಪಾರ್ಕು ನೋಡಿ. ಐದು ಕಲ್ಲಿನ ಕಂಬ. 2018ರ ಜೂನ್ 28ರಂದು ಒಬ್ಬ ಬಂದೂಕು ಹಿಡಿದು ಕ್ಯಾಪಿಟಲ್ ಗೆಜೆಟ್ ಆಫೀಸಿಗೆ ನುಗ್ಗಿ ಐವರನ್ನು ಕೊಂದ. ಜೆರಾಲ್ಡ್ ಫಿಶ್‌ಮನ್, ರಾಬ್ ಹಾಯಸನ್, ಜಾನ್ ಮೆಕ್‌ನಮಾರ, ರೆಬೆಕಾ ಸ್ಮಿತ್, ವೆಂಡಿ ವಿಂಟರ್ಸ್. ಅವರ ಸಹೋದ್ಯೋಗಿಗಳು ಪಾರ್ಕಿಂಗ್ ಗ್ಯಾರೇಜಿನಲ್ಲಿ ಕೂತು ಸುದ್ದಿ ಬರೆದರು. ನಾಳೆ ಪೇಪರ್ ತಂದೇ ತರುತ್ತೇವೆ ಅಂತ ಒಬ್ಬ ವರದಿಗಾರ ಟ್ವೀಟ್ ಮಾಡಿದರು, ತಂದರು. ಆ ದಿನದ ಸಂಪಾದಕೀಯ ಪುಟ ಹೆಚ್ಚೂಕಡಿಮೆ ಖಾಲಿ. ‘ಇಂದು ನಮಗೆ ಮಾತೇ ಬರುತ್ತಿಲ್ಲ’ ಅನ್ನುವ ಸಾಲು, ಐದು ಹೆಸರು, ಅಷ್ಟೇ. ಇಲ್ಲಿ ಸ್ವಲ್ಪ ಹೊತ್ತು ಕ್ಯಾಮೆರಾ ಆಫ್ ಮಾಡಿದ್ದೆ.

ಅಲ್ಲಿಂದ ಸಿಟಿ ಡಾಕ್‌ಗೆ ನಡೆದೇ ಹೋಗಬಹುದು. ನೀರು, ದೋಣಿ, ಐಸ್‌ಕ್ರೀಂ ತಿನ್ನುವ ಮಕ್ಕಳು. ಈ ಕಂಚಿನ ಪ್ರತಿಮೆ ಲೇಖಕ ಅಲೆಕ್ಸ್ ಹೇಲಿ ಅವರದ್ದು, ಮೂರು ಮಕ್ಕಳಿಗೆ ಪುಸ್ತಕ ಓದುತ್ತಿದ್ದಾರೆ. ತನ್ನ ಪೂರ್ವಜ ಕುಂಟಾ ಕಿಂಟೆ ಗುಲಾಮನಾಗಿ ಬಂದಿಳಿದಿದ್ದು ಇಲ್ಲೇ ಅಂತ ಅವರು ಬರೆದರು. ಆ ವಂಶಾವಳಿಯನ್ನು ಒಪ್ಪದ ಇತಿಹಾಸಕಾರರಿದ್ದಾರೆ. ಆದರೆ ಹಡಗು ಬಂದಿದ್ದು ನಿಜ. ಹೆಸರು ಲಾರ್ಡ್ ಲಿಗೊನಿಯರ್, ದಿನ 1767ರ ಸೆಪ್ಟೆಂಬರ್ 29. ಗ್ಯಾಂಬಿಯಾದಿಂದ ಹೊರಟಾಗ ಹಡಗಿನ ತಳದಲ್ಲಿ 140 ಜನ, ಇಲ್ಲಿಗೆ ಬಂದಾಗ 98. ಅವರನ್ನು ಮಾರುವ ಜಾಹೀರಾತು ಬಂದಿದ್ದು ಮೇರಿಲ್ಯಾಂಡ್ ಗೆಜೆಟ್‌ನಲ್ಲಿ. ಗಂಡ ಹೋಗಿ ಆರು ತಿಂಗಳೂ ಆಗಿರಲಿಲ್ಲ, ಪತ್ರಿಕೆ ಆನ್ ಕ್ಯಾಥರಿನ್ ಅವರ ಕೈಯಲ್ಲಿತ್ತು.

ಫೋನಿನಲ್ಲಿ ಅದನ್ನು ಝೂಮ್ ಮಾಡಿ ತೋರಿಸುತ್ತೇನೆ. ಹಡಗಿನ ಹೆಸರಿದೆ. ಕ್ಯಾಪ್ಟನ್ ಡೇವಿಸ್ ಹೆಸರಿದೆ. ಮಾರುವವರ ಹೆಸರಿದೆ. ಅವರಲ್ಲೊಬ್ಬರು ಡೇನಿಯಲ್ ಆಫ್ ಸೇಂಟ್ ಥಾಮಸ್ ಜೆನಿಫರ್, 20 ವರ್ಷದ ನಂತರ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದವರು. ಅಕ್ಟೋಬರ್ 7, ಬುಧವಾರ, ನಗದಿಗೆ ಅಥವಾ ಹುಂಡಿಗೆ ಮಾರಾಟ. ಆ 98 ಜನರಲ್ಲಿ ಒಬ್ಬರ ಹೆಸರೂ ಇಲ್ಲ. ‘ಆರೋಗ್ಯವಂತ ಗುಲಾಮರು’ ಅಂತ ಒಟ್ಟಿಗೆ ಒಂದು ಮಾತು.

ಕೆಳಗೆ ಒಂದು ಸಾಲಿದೆ, ಮೊದಲ ಸಲ ನಾನು ಗಮನಿಸಿರಲಿಲ್ಲ. ಇದೇ ಹಡಗು ವಾಪಸು ಹೋಗುವಾಗ ಲಂಡನ್‌ಗೆ ತಂಬಾಕು ಒಯ್ಯುತ್ತದೆ, ‘ಆನ್ ಲಿಬರ್ಟಿ’, ಟನ್‌ಗೆ 6 ಪೌಂಡ್. ಲಿಬರ್ಟಿ ಅಂದರೆ ಸ್ವಾತಂತ್ರ್ಯ, ಗೊತ್ತೇ ಇದೆ. ಇಲ್ಲಿ ಅದು ವ್ಯಾಪಾರದ ಮಾತು: ತಂಬಾಕು ಲಂಡನ್‌ನಲ್ಲಿ ತನಗೆ ಬೇಕಾದ ವ್ಯಾಪಾರಿಯ ಹತ್ತಿರ ಹೋಗಬಹುದು.