ಸ್ಮುರ್ನದ ವೃದ್ಧ ಬಿಷಪ್ ಕೇಳಿದ ಒಂದು ಗಂಟೆ

ಪ್ರಿಯ ಸಭೆಯವರೇ,

"ಕಡೇವರೆಗೂ ತಾಳುವವನು ರಕ್ಷಣೆ ಹೊಂದುವನು" ಎಂಬ ಮತ್ತಾಯನ ಸುವಾರ್ತೆಯ ಮಾತು ನಮಗೆಲ್ಲ ಬಾಯಿಪಾಠ. ಆದರೆ ತಾಳುವುದು ಅಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬೆಂಕಿ, ಸಿಂಹ, ಸೆರೆಮನೆ. ಅಂಥ ಗಳಿಗೆ ಬಂದಾಗ ದೇವರು ಬಲ ಕೊಡುತ್ತಾನೆ ಎಂದುಕೊಂಡು ಇವತ್ತಿನ ದಿನವನ್ನು ಹಾಗೇ ಕಳೆದುಬಿಡುತ್ತೇವೆ. ಅದಕ್ಕೇ ಈ ಸಂಜೆ ಬೆಂಕಿಗೆ ಬಿದ್ದ ಒಬ್ಬರ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಸ್ಮುರ್ನ ಅಂದರೆ ಇವತ್ತಿನ ಟರ್ಕಿ ದೇಶದ ಇಜ್ಮಿರ್. ಬೈಬಲಿನ ಪ್ರಕಟನೆ ಪುಸ್ತಕದಲ್ಲಿ "ಸಾಯಬೇಕಾದರೂ ನಂಬಿಗಸ್ತನಾಗಿರು" ಎಂಬ ಮಾತು ಬಂದದ್ದು ಆ ಊರಿನ ಸಭೆಗೇ. ಮುಂದೆ ಅಲ್ಲಿ ಬಿಷಪ್ ಆದವರು ಪಾಲಿಕಾರ್ಪ. ಕ್ರಿ.ಶ. 155ರ ಸುಮಾರಿಗೆ, ಕ್ರಿಸ್ತನನ್ನು ಬಿಡಲೊಪ್ಪದ್ದಕ್ಕೆ ರೋಮಿನವರು ಅವರನ್ನು ಕೊಂದರು. ನಡೆದದ್ದನ್ನು ಸ್ಮುರ್ನದ ಸಭೆಯವರು ಫಿಲೊಮೇಲಿಯದ ಸಭೆಗೆ ಪತ್ರ ಬರೆದು ತಿಳಿಸಿದರು. ಆ ಪತ್ರ ಇಂದಿಗೂ ಉಳಿದಿದೆ.

ಪತ್ರದಲ್ಲಿ ಇನ್ನೊಬ್ಬನ ಹೆಸರೂ ಇದೆ, ಕ್ವಿಂತ. ಫ್ರುಗ್ಯದಿಂದ ಬಂದವನು. ಯಾರೂ ಹಿಡಿಯುವ ಮೊದಲೇ ತಾನಾಗಿ ಮುಂದೆ ಬಂದ, ಕೆಲವರನ್ನು ಹುರಿದುಂಬಿಸಿ ಜೊತೆಗೆ ಕರೆತಂದ. ಕಾಡುಮೃಗಗಳನ್ನು ಕಂಡದ್ದೇ ತಡ, ಎದೆಗುಂದಿ ರೋಮಿನ ಚಕ್ರವರ್ತಿ ಕೈಸರನ ಹೆಸರಿನಲ್ಲಿ ಆಣೆಯಿಟ್ಟು ಧೂಪ ಹಾಕಿಬಿಟ್ಟ. ಹಾಗೆ ಮೇಲೆ ಬಿದ್ದು ಹೋಗುವವರನ್ನು ನಾವು ಮೆಚ್ಚುವುದಿಲ್ಲ ಎಂದು ಸಭೆಯವರು ಬರೆದಿದ್ದಾರೆ. ಆ ಮಾತಿನಲ್ಲಿ ಎಷ್ಟು ವಿವೇಕವಿದೆ ನೋಡಿ!

ಪಾಲಿಕಾರ್ಪ ಹಾಗೆ ಮಾಡಲಿಲ್ಲ. ಸ್ನೇಹಿತರ ಮಾತು ಕೇಳಿ ಊರಾಚೆಯ ತೋಟದ ಮನೆಗೆ ಹೋದರು. ಅಲ್ಲಿ ಹಗಲೂ ರಾತ್ರಿ ಪ್ರಾರ್ಥನೆ. ಅದು ಅವರ ರೂಢಿಯೇ ಆಗಿತ್ತು ಎಂದು ಪತ್ರ ಹೇಳುತ್ತದೆ. ಈ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅಪಾಯ ಬಂತೆಂದು ಹೊಸದಾಗಿ ಶುರುಮಾಡಿದ ಪ್ರಾರ್ಥನೆ ಅಲ್ಲ ಅದು.

ಕೊನೆಗೊಂದು ರಾತ್ರಿ ಸಿಪಾಯಿಗಳು ಬಂದರು. ಮುದುಕರು ಮಹಡಿಯಿಂದ ಇಳಿದು ಬಂದು ಅವರನ್ನು ಮಾತನಾಡಿಸಿದರು, ಬೇಕಾದಷ್ಟು ಊಟ ಬಡಿಸಿ ಎಂದು ಮನೆಯವರಿಗೆ ಹೇಳಿದರು. ತಮಗಾಗಿ ಕೇಳಿಕೊಂಡದ್ದು ಪ್ರಾರ್ಥನೆಗೆ ಒಂದು ಗಂಟೆ. ನಿಂತಲ್ಲೇ ಎರಡು ಗಂಟೆ ಪ್ರಾರ್ಥಿಸಿದರು. ಜೀವಮಾನದಲ್ಲಿ ಕಂಡ ಚಿಕ್ಕವರು, ದೊಡ್ಡವರು, ಹೆಸರಿದ್ದವರು, ಹೆಸರಿಲ್ಲದವರು, ಎಲ್ಲರನ್ನೂ ನೆನೆದರು. ಇಂಥ ವೃದ್ಧನನ್ನು ಹಿಡಿಯಲು ಬಂದೆವಲ್ಲ ಎಂದು ಬಂದವರಲ್ಲಿ ಕೆಲವರು ಮರುಗಿದರು.

ದಾರಿಯಲ್ಲಿ ಅಧಿಕಾರಿಯೊಬ್ಬ ಅವರನ್ನು ತನ್ನ ರಥದಲ್ಲಿ ಕೂರಿಸಿಕೊಂಡು ನಯವಾಗಿ ಕೇಳಿದ: ಕೈಸರನೇ ಕರ್ತ ಅಂದು ಧೂಪ ಹಾಕಿ ಜೀವ ಉಳಿಸಿಕೊಂಡರೆ ಏನು ತಪ್ಪು? ಸಿಂಹಕ್ಕಿಂತ ಈ ಪ್ರಶ್ನೆಗೆ ನಾನು ಹೆಚ್ಚು ಹೆದರುತ್ತೇನೆ. ಸುಳ್ಳು ಬಿಲ್ಲಿಗೆ ಸಹಿ ಹಾಕುವಾಗ, ಆಸ್ತಿಗಾಗಿ ತಮ್ಮನಿಗೆ ಮೋಸ ಮಾಡುವಾಗ ನಮ್ಮ ಕಿವಿಯಲ್ಲಿ ಕೇಳುವುದೂ ಇದೇ: ಏನು ತಪ್ಪು? ಪಾಲಿಕಾರ್ಪ ಒಪ್ಪಲಿಲ್ಲ. ಅವರನ್ನು ರಥದಿಂದ ಕೆಳಕ್ಕೆ ತಳ್ಳಿದರು, ಮೊಣಕಾಲ ಕೆಳಗೆ ಪೆಟ್ಟಾಯಿತು. ಏನೂ ಆಗದವರಂತೆ ಎದ್ದು ಬಿರಬಿರನೆ ನಡೆದರು. ಕ್ರಿಸ್ತನನ್ನು ದೂಷಿಸು ಎಂದ ರಾಜ್ಯಪಾಲನಿಗೆ ಅವರ ಉತ್ತರ ಇದು: "86 ವರ್ಷ ಆತನ ಸೇವೆ ಮಾಡಿದ್ದೇನೆ, ಆತನು ನನಗೆ ಯಾವ ಕೇಡನ್ನೂ ಮಾಡಲಿಲ್ಲ. ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ?"

ಆ ಉತ್ತರ ಆ ನಿಮಿಷದಲ್ಲಿ ಹುಟ್ಟಿದ್ದಲ್ಲ, 86 ವರ್ಷಗಳಲ್ಲಿ ಹುಟ್ಟಿದ್ದು.

ಹಾಗಾದರೆ ನಡುವೆ ಜಾರಿಬಿದ್ದವರ ಗತಿ? ಇಲ್ಲೂ ಕೆಲವರು ಅದೇ ನೋವಿನಲ್ಲಿ ಕೂತಿರಬಹುದು. ಮಾರ್ಕನನ್ನು ನೆನಪಿಸಿಕೊಳ್ಳಿ. ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಅಪೊಸ್ತಲ ಪೌಲನನ್ನು ಬಿಟ್ಟು ಹೋದವನು. ಅವನ ದೆಸೆಯಿಂದ ಜೊತೆಗಾರರಾದ ಪೌಲ ಬಾರ್ನಬರೇ ಬೇರೆಯಾದರು. ಅದೇ ಪೌಲ ಸಾವಿನ ಹತ್ತಿರ ಬಂದಾಗ ತಿಮೊಥೆಯನಿಗೆ ಬರೆದ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು. ನಮ್ಮಲ್ಲಿ ಒಳ್ಳೇ ಕೆಲಸ ಆರಂಭಿಸಿದ ದೇವರೇ ಅದನ್ನು ಕೊನೆ ಮುಟ್ಟಿಸುತ್ತಾನೆ. ನಾವು ಹಿಡಿದ ಕೈ ಸಡಿಲವಾದರೂ ಆತನ ಕೈ ಸಡಿಲವಾಗುವುದಿಲ್ಲ.

ಕಡೇ ದಿನಗಳಲ್ಲಿ ಮನುಷ್ಯನಿಗೆ ಮನುಷ್ಯನೂ ಬೇಕು. ಪೌಲನಿಗೂ ಬೇಕಾಗಿತ್ತು, ಚಳಿಗಾಲಕ್ಕೆ ಮುಂಚೆ ಬಾ, ಮೇಲಂಗಿ ತಾ, ಪುಸ್ತಕ ತಾ ಎಂದು ಕೇಳಿದ. ನಮ್ಮ ಸಭೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಮರೆವಿನ ಕಾಯಿಲೆಯಲ್ಲಿ ಸ್ವಂತ ಮಕ್ಕಳ ಹೆಸರೂ ಮರೆತ ತಾಯಿಯೊಬ್ಬರು, ಪಕ್ಕದಲ್ಲಿ ಕೂತು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದರೆ ಕೊನೇ ಆಮೆನ್‌ವರೆಗೂ ಜೊತೆಗೆ ಹೇಳುತ್ತಾರೆ. ಆದರೆ ಶುರುಮಾಡಲು ಒಬ್ಬರು ಬೇಕು. ಅಂಥ ಮನೆಗಳಿಗೆ ವಾರಕ್ಕೊಮ್ಮೆ ಹೋಗಿಬರಲು ಒಪ್ಪುವವರು, ಯುವಕರು ಮುಖ್ಯವಾಗಿ, ಈಗಲೇ ಸಭಾಪಾಲಕರ ಹತ್ತಿರ ಹೆಸರು ಕೊಡಿ.