ಹಳ್ಳದಿಂದ ಹಳ್ಳಕ್ಕೆ: ಕಪ್ಪೆಗಳ ಅಧ್ಯಯನದಲ್ಲಿ ಸೋಂಕಿನ ತಡೆ

ಕೇಳುಗರಿಗೆ ನಮಸ್ಕಾರ. ತನ್ನ ಮೊಟ್ಟೆಗಳಿಗೆ ಕೆಸರು ಮೆತ್ತುವ ಕುಂಬಾರ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿಜ್ಞಾನಿಗಳು ವಿವರಿಸಿದ್ದು 2014ರಲ್ಲಿ, ಉತ್ತರ ಕನ್ನಡದ ಕತ್ತಲೆಕಾನಿನಿಂದ. ಇಂಥ ಕಪ್ಪೆಗಳನ್ನು ಅರಸಿ ಮಳೆಗಾಲದ ರಾತ್ರಿಗಳಲ್ಲಿ ನೀರಿಗಿಳಿಯುವ ಸಂಶೋಧಕರೂ ವಿದ್ಯಾರ್ಥಿಗಳೂ ತಮಗರಿವಿಲ್ಲದೆ ಒಂದು ಹಳ್ಳದ ರೋಗವನ್ನು ಇನ್ನೊಂದಕ್ಕೆ ಹೊತ್ತೊಯ್ಯದಂತೆ ನೋಡಿಕೊಳ್ಳುವುದು ಹೇಗೆಂಬುದು ಈ ಹೊತ್ತಿನ ವಿಷಯ.

ನಮ್ಮ ಮುಖ್ಯ ಆತಂಕ ಕೈಟ್ರಿಡ್ ಎಂಬ ಶಿಲೀಂಧ್ರ. ಆಸ್ಟ್ರೇಲಿಯ ಮತ್ತು ಮಧ್ಯ ಅಮೆರಿಕದ ಮಳೆಕಾಡುಗಳಲ್ಲಿ ಕಪ್ಪೆಗಳು ಗುಂಪುಗುಂಪಾಗಿ ಸಾಯಲು ಇದೇ ಕಾರಣವೆಂದು 1998ರಲ್ಲಿ ತಿಳಿದುಬಂತು. ಕಪ್ಪೆ ನೀರನ್ನೂ ಲವಣಗಳನ್ನೂ ಚರ್ಮದ ಮೂಲಕವೇ ಹೀರಿಕೊಳ್ಳುವ ಪ್ರಾಣಿಯಾದ್ದರಿಂದ, ಚರ್ಮಕ್ಕೆ ಸೋಂಕು ತಗುಲಿದರೆ ರಕ್ತದ ಲವಣಗಳ ಸಮತೋಲ ಕೆಟ್ಟು ಕೊನೆಗೆ ಹೃದಯವೇ ನಿಲ್ಲುತ್ತದೆ. ಗೊದಮೊಟ್ಟೆಯಲ್ಲಾದರೋ ಈ ಶಿಲೀಂಧ್ರ ಬಾಯಿಯ ಗಟ್ಟಿ ಭಾಗಗಳಲ್ಲಿ ಮಾತ್ರ ನೆಲೆಸುತ್ತದೆ. ಆದ್ದರಿಂದ ಸೋಂಕಿತ ಗೊದಮೊಟ್ಟೆ ಸಾಮಾನ್ಯವಾಗಿ ಲವಲವಿಕೆಯಿಂದಲೇ ಈಜಾಡುತ್ತಿರುತ್ತದೆ. ಕಣ್ಣಿಗೆ ಆರೋಗ್ಯವಾಗಿ ಕಂಡದ್ದನ್ನು ಶುದ್ಧವೆಂದು ನಂಬುವಂತಿಲ್ಲ.

ಈ ಶಿಲೀಂಧ್ರ ಪಶ್ಚಿಮ ಘಟ್ಟಗಳಲ್ಲಿ ಈಗಾಗಲೇ ಪತ್ತೆಯಾಗಿದೆಯಲ್ಲ, ಇನ್ನೇಕೆ ಇಷ್ಟು ಎಚ್ಚರ ಎಂದು ಕೆಲವರು ಕೇಳುವುದುಂಟು. ಇದು ಅವಸರದ ತರ್ಕವೆಂದು ನನ್ನ ಭಾವನೆ. ಶಿಲೀಂಧ್ರದಲ್ಲಿ ಹಲವು ತಳಿಗಳಿದ್ದು, ಅವುಗಳ ಉಗ್ರತೆ ಒಂದೇ ಸಮನಿಲ್ಲ. ಬೇರೆ ಬೇರೆ ತಳಿಗಳು ಒಂದೆಡೆ ಸೇರಿದಾಗ ಮಿಶ್ರತಳಿಗಳು ಹುಟ್ಟಿರುವುದೂ ದಾಖಲಾಗಿದೆ. ಅಲ್ಲದೆ ರಾನಾವೈರಸ್‌ನಂಥ ಇತರ ರೋಗಾಣುಗಳೂ ಇದೇ ದಾರಿಯಲ್ಲಿ ಸಾಗಬಲ್ಲವು.

ಪ್ರಾಣಿಯನ್ನು ಮುಟ್ಟುವಾಗ ಒಂದು ಕಪ್ಪೆಗೆ ಒಂದು ಜೊತೆ ಹೊಸ ಕೈಗವಸು, ಒಂದು ಹೊಸ ಪ್ಲಾಸ್ಟಿಕ್ ಚೀಲ ಎಂಬ ನಿಯಮವಿರಲಿ. ಕೆಲವು ಬಗೆಯ ಕೈಗವಸುಗಳು, ಮುಖ್ಯವಾಗಿ ಲೇಟೆಕ್ಸಿನವು, ಗೊದಮೊಟ್ಟೆಗಳಿಗೆ ವಿಷವಾಗಬಲ್ಲವು. ಪುಡಿಯಿಲ್ಲದ ವಿನೈಲ್ ಕೈಗವಸನ್ನು ಶುದ್ಧ ನೀರಿನಲ್ಲಿ ತೊಳೆದು ಬಳಸುವುದು ಮೇಲು. ಉಂಬಳ, ಸೊಳ್ಳೆಗಳಿಗೆಂದು ಕೈಗೆ ಎಣ್ಣೆ ಮುಲಾಮು ಸವರಿಕೊಂಡು ಕಪ್ಪೆಯನ್ನು ಹಿಡಿಯಲೇಬಾರದು.

ಬೂಟು, ಬಲೆ, ಬಕೆಟ್ಟುಗಳ ವಿಷಯದಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಕೆಸರು, ಎಲೆಚೂರುಗಳು ಬ್ಲೀಚಿನ ಶಕ್ತಿಯನ್ನು ಕುಂದಿಸುವುದರಿಂದ ಮೊದಲು ಅದೇ ಹಳ್ಳದ ದಡದಲ್ಲಿ ಬ್ರಷ್‌ನಿಂದ ಉಜ್ಜಿ ಕೊಳೆಯನ್ನೆಲ್ಲ ತೆಗೆಯಬೇಕು; ಆಮೇಲೆ, ಹರಿಯುವ ನೀರಿನಿಂದ ದೂರದಲ್ಲಿ, ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ, ಅಂದರೆ ಬ್ಲೀಚಿನಲ್ಲಿ, ಅದ್ದಬೇಕು. ಪ್ರಯೋಗಗಳಲ್ಲಿ ಕೈಟ್ರಿಡ್ ಸಾಯಲು 1 ನಿಮಿಷ ಸಾಕಾಗಿದೆ. ಕಾಡಿನ ಕೆಲಸದಲ್ಲಿ ಇನ್ನಷ್ಟು ಹೊತ್ತು ಬಿಡುವುದೇ ಲೇಸು. ದ್ರಾವಣವನ್ನು ಆಯಾ ದಿನವೇ ತಯಾರಿಸಬೇಕು, ಬಿಸಿಲಿಗಿಟ್ಟರೆ ಅದು ಸತ್ವ ಕಳೆದುಕೊಳ್ಳುತ್ತದೆ. ಕತ್ತರಿ, ಅಳತೆಯ ಸಲಕರಣೆಗಳಿಗೆ ಶೇಕಡ 70ರ ಸ್ಪಿರಿಟ್ ಆಗುತ್ತದೆ. ಕೊನೆಗೆ ಎಲ್ಲವನ್ನೂ ಚೆನ್ನಾಗಿ ತೊಳೆಯಬೇಕು, ಏಕೆಂದರೆ ಉಳಿದ ಬ್ಲೀಚ್ ಗೊದಮೊಟ್ಟೆಗಳಿಗೆ ಮಾರಕ.

ಈ ಶಿಲೀಂಧ್ರ ಪೂರ್ತಿ ಒಣಗಿದರೆ ಬದುಕದು. ಆದರೆ ಆಷಾಢದ ಮಲೆನಾಡಿನಲ್ಲಿ ಒಣಗಿಸುವುದೆಂದರೆ ಯಾರಿಗೆ ಸಾಧ್ಯ! ಉಂಬಳಗಳ ತಡೆಗೆ ತೊಡುವ ಬಟ್ಟೆಯ ಕಾಲುಚೀಲವಂತೂ ದಿನಗಟ್ಟಲೆ ಒದ್ದೆಯಾಗಿಯೇ ಇದ್ದು, ಬೂಟಿಗಿಂತಲೂ ಹೆಚ್ಚು ಅಪಾಯಕಾರಿ. ಉಳಿದುಕೊಂಡ ಮನೆಯ ಬಚ್ಚಲ ಹಂಡೆ ಇಲ್ಲಿ ನೆರವಿಗೆ ಬರುತ್ತದೆ: 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5 ನಿಮಿಷ ಮುಳುಗಿಸಿದರೆ ಕೈಟ್ರಿಡ್ ಸಾಯುತ್ತದೆ. ಪ್ರತಿ ತಾಣಕ್ಕೂ ಬೇರೆ ಜೊತೆ ಕಾಲುಚೀಲ ಇಟ್ಟುಕೊಂಡರೆ ಇನ್ನೂ ಸುಲಭ.

ಪ್ರಯೋಗಾಲಯಕ್ಕೆ ತಂದ ಕಪ್ಪೆಯನ್ನು, ಬೇರೆಡೆಯ ಪ್ರಾಣಿಗಳೊಡನೆ ಒಂದೇ ಕೋಣೆಯಲ್ಲಿ ಇದ್ದ ಮೇಲೆ, ಕನಿಕರದಿಂದಲೂ ಹಳ್ಳಕ್ಕೆ ಮರಳಿ ಬಿಡಕೂಡದು. ಅದಿದ್ದ ತೊಟ್ಟಿಯ ನೀರಿಗೆ ಬ್ಲೀಚ್ ಬೆರೆಸಿ, ಸಾಕಷ್ಟು ಹೊತ್ತು ಬಿಟ್ಟ ನಂತರವೇ ಚರಂಡಿಗೆ ಹರಿಸಬೇಕು.