ಹಿಮದ ಕೆಳಗೆ ಕಿವಿಯಿಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಹತ್ತಿರ, ಘಟಪ್ರಭೆಯ ದಂಡೆಗೆ ನಮ್ಮದೊಂದು ಹೊಲ ಇತ್ತು. ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ. ಬೇಸಿಗೆ ರಜೆ ಬಂತೆಂದರೆ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ನಾವು ಹುಡುಗರು ಅದರಲ್ಲೇ ಬಿದ್ದಿರುತ್ತಿದ್ದೆವು. ಈಜು ಕಲಿಸಿದವರು ನಮ್ಮ ಕಾಕಾ. ಒಂದು ದಿನ ಅವರು ಎರಡು ಕಲ್ಲು ಹಿಡಿದು ಬಾವಿಯ ಆಚೆ ಮೂಲೆಗೆ ಹೋದರು. "ಮುಳುಗು. ಮುಳುಗಿ ಸುಮ್ನ ಕೇಳು" ಅಂದರು. ಮುಳುಗಿದೆ. ಟಕ್, ಟಕ್. ನನ್ನ ತಲೆಯೊಳಗೇ ಯಾರೋ ಕಲ್ಲು ಕುಟ್ಟಿದ ಹಾಗಿತ್ತು. ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯಲಿಲ್ಲ. ಉಸಿರು ಕಟ್ಟಿ ಮೇಲೆ ಬಂದರೆ ಎಲ್ಲ ನಿಶ್ಶಬ್ದ. ಕಾಕಾ ಇನ್ನೂ ನೀರೊಳಗೆ ಕಲ್ಲು ಬಡಿಯುತ್ತಲೇ ಇದ್ದರು!

ಮುಂದೆ ಮೂವತ್ತು ವರ್ಷ ನಾನು ಭೌತಶಾಸ್ತ್ರ ಕಲಿಸಿದೆ. ಸದ್ದಿನ ಪಾಠ ಬಂದಾಗಲೆಲ್ಲ ಆ ಬಾವಿಯಿಂದಲೇ ಶುರು ಮಾಡುತ್ತಿದ್ದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್. ನೀರೊಳಗೆ ಅದು ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದು ಬೀಳುವುದರಿಂದ ನಮಗೆ ದಿಕ್ಕು ಗೊತ್ತಾಗುವುದಿಲ್ಲ. ಬಾಗಲಕೋಟೆಯಿಂದ ವಿಜಯಪುರದವರೆಗೆ ಸಮುದ್ರವೇ ಇದ್ದಿದ್ದರೆ, ಇಲ್ಲಿಯ ಸದ್ದು ಅಲ್ಲಿ ಮುಟ್ಟಲು ಒಂದು ನಿಮಿಷ ಸಾಕಿತ್ತು.

ಇವತ್ತು ನಾನು ಹೇಳಹೊರಟಿರುವುದು ನಮ್ಮಿಂದ ಬಹಳ ದೂರದ ನೀರಿನ ಮಾತು. ಭೂಮಿಯ ಎರಡು ತುದಿಗಳಲ್ಲಿರುವ ಹಿಮದ ಸಮುದ್ರಗಳ ಮಾತು. ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ನೀರಿನ ಮೇಲೆ ಹಿಮದ ಹೊದಿಕೆ. ಹಡಗು ಹೋಗುವುದು ಕಷ್ಟ. ಉಪಗ್ರಹಕ್ಕೆ ಹಿಮದ ಬೆನ್ನು ಕಂಡೀತೇ ಹೊರತು ಅದರ ಹೊಟ್ಟೆ ಕಾಣದು. ಕಣ್ಣಿಗೆ ಕೆಲಸವೇ ಇಲ್ಲದ ಜಾಗ ಅದು. ಅಲ್ಲಿ ಉಳಿದದ್ದು ಕಿವಿ ಒಂದೇ.

ಆ ಕಿವಿಯ ಹೆಸರು ಹೈಡ್ರೋಫೋನ್. ನೀರೊಳಗಿನ ಮೈಕು ಅನ್ನಿ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಇದೆಯಲ್ಲ, ಟಕ್ ಎಂದು ಒತ್ತಿದರೆ ಕಿಡಿ ಹಾರುತ್ತದೆ. ಅದರೊಳಗಿನ ಪುಟ್ಟ ತುಂಡಿಗೆ ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟುತ್ತದೆ. ಹೈಡ್ರೋಫೋನಿನ ಗುಟ್ಟೂ ಅದೇ. ಸದ್ದು ಬಂದು ಒತ್ತಿದಾಗ ಅದರಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಯಂತ್ರ ಬರೆದಿಡುತ್ತದೆ.

ಇದನ್ನು ಇಳಿಸುವ ರೀತಿ ನನಗೆ ಬಹಳ ಇಷ್ಟ. ಬೇಸಿಗೆಯಲ್ಲಿ ಹಿಮ ಸರಿದಾಗ ಹಡಗು ಹೋಗುತ್ತದೆ. ಉದ್ದನೆಯ ಹಗ್ಗ, ಮೇಲ್ತುದಿಗೆ ತೇಲುವ ಗುಂಡುಗಳು, ನಡುವೆ ಹೈಡ್ರೋಫೋನ್, ಬುಡಕ್ಕೆ ಭಾರ. ಎಷ್ಟೋ ಕಡೆ ಆ ಭಾರ ಏನು ಗೊತ್ತೇ? ಗುಜರಿಗೆ ಬಿದ್ದ ರೈಲಿನ ಗಾಲಿ! ಬ್ಯಾಟರಿ ವರ್ಷಪೂರ್ತಿ ಬಾಳಬೇಕು, ಹಾಗಾಗಿ ಹಲವು ಯಂತ್ರಗಳು ಗಂಟೆಗೆ ಕೆಲವೇ ನಿಮಿಷ ಎಚ್ಚರವಿದ್ದು ಮತ್ತೆ ಮಲಗುತ್ತವೆ. ಮರುವರ್ಷ ಹಡಗು ಅದೇ ಜಾಗಕ್ಕೆ ಬಂದು ನೀರೊಳಗೆ ಸಂಕೇತದ ಸದ್ದು ಕಳಿಸುತ್ತದೆ. ತಳದಲ್ಲಿ ಕೊಂಡಿ ಬಿಚ್ಚಿಕೊಳ್ಳುತ್ತದೆ. ಗಾಲಿ ಅಲ್ಲೇ ಉಳಿದು ಉಳಿದದ್ದೆಲ್ಲ ಮೇಲೇಳುತ್ತದೆ. ಏಳುವ ಜಾಗದಲ್ಲಿ ಹಿಮ ಬಂದು ಕೂತಿದ್ದರೆ ಕಾಯಬೇಕು. ಹಿಮಬಂಡೆಯೊಂದು ಹಗ್ಗವನ್ನು ಎಳೆದುಕೊಂಡು ಹೋಗಿದ್ದರೆ ವರ್ಷದ ದುಡಿಮೆ ಹೋದಂತೆಯೇ.

ಇನ್ನು ಹಿಮದಿಂದಲೇ ಕೆಳಗಿಳಿಸುವ ದಾರಿಯೂ ಇದೆ. 2005ರ ಕೊನೆಗೆ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯವರು ಅಂಟಾರ್ಕ್ಟಿಕಾದಲ್ಲಿ ಸುಮಾರು 100 ಮೀಟರ್ ದಪ್ಪದ ಹಿಮವನ್ನು ಬಿಸಿನೀರಿನಿಂದ ಕೊರೆದು ಅಡಿಯ ಸಮುದ್ರಕ್ಕೆ ಹೈಡ್ರೋಫೋನ್ ಇಳಿಬಿಟ್ಟರು. ಪಲಾವೋವಾ ಎಂದು ಅದರ ಹೆಸರು. ಹೆಚ್ಚಾಗಿ ಬಿಸಿಲು, ಗಾಳಿಯಿಂದ ಅದಕ್ಕೆ ಕರೆಂಟು ಸಿಗುತ್ತಿತ್ತು.

ಸರಿ, ಏನು ಕೇಳುತ್ತದೆ ಅಲ್ಲಿ? ವೆಡೆಲ್ ಸೀಲ್ ಎಂಬ ಕಡಲಪ್ರಾಣಿಯ ಸದ್ದನ್ನು ನೀವೊಮ್ಮೆ ಕೇಳಬೇಕು. ಸಣ್ಣ ಸೀಟಿಯಂತೆ ಮೇಲಿನ ದನಿಯಲ್ಲಿ ಶುರುವಾಗಿ, ನಡುಗುತ್ತಾ, ಇಳಿಯುತ್ತಾ, ಕೊನೆಗೆ ಗುಡುಗುಡು ಎಂದು ತಳ ಸೇರುತ್ತದೆ. ಪ್ರಾಣಿ ಅಂತ ಹೇಳಿದರೆ ನಂಬುವುದೇ ಕಷ್ಟ. 1960ರ ದಶಕದಲ್ಲಿ ಜಲಾಂತರ್ಗಾಮಿಯವರಿಗೆ ದಕ್ಷಿಣದ ಸಮುದ್ರದಲ್ಲಿ ಬಾತುಕೋಳಿ ಕೂಗಿದಂಥ ಸದ್ದು ಕೇಳಿತ್ತು. ಯಾರದೆಂದು ತಿಳಿದದ್ದು 2014ರಲ್ಲಿ. ಮಿಂಕೆ ತಿಮಿಂಗಿಲದ ಮೈಗೆ ಯಂತ್ರ ಅಂಟಿಸಿ ಕೇಳಿದಾಗ ಅದೇ ಸದ್ದು! ಐವತ್ತು ವರ್ಷ ಕಾದು ಸಿಕ್ಕ ಉತ್ತರ.

ಉತ್ತರದ ಕಡೆ, ಗ್ರೀನ್‌ಲ್ಯಾಂಡ್ ಮತ್ತು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನಡುವಿನ ಫ್ರಾಮ್ ಜಲಸಂಧಿಯಲ್ಲಿ ಬೋಹೆಡ್ ತಿಮಿಂಗಿಲಗಳಿವೆ. ಇನ್ನೂರು ವರ್ಷಕ್ಕೂ ಮೇಲೆ ಬದುಕಬಲ್ಲ ಜೀವ. ಬೇಟೆಗಾರರು ಅಲ್ಲಿ ಅವನ್ನು ಹೆಚ್ಚುಕಡಿಮೆ ಮುಗಿಸಿಯೇ ಬಿಟ್ಟಿದ್ದರು. 2010ರಿಂದ 2014ರ ನಡುವಿನ ಚಳಿಗಾಲಗಳ ದನಿಮುದ್ರಣ ಕೇಳಿದಾಗ, ಆ ಕತ್ತಲಲ್ಲಿ, ಹಿಮದ ಅಡಿಯಲ್ಲಿ, 184 ಬೇರೆ ಬೇರೆ ಹಾಡು ಸಿಕ್ಕವು. ಮುಗಿದೇಹೋದವು ಎಂದು ನಾವು ಅಂದುಕೊಂಡಿದ್ದ ಜೀವಗಳು ಹಾಡುತ್ತಿದ್ದವು. ಇದನ್ನು ಮೊದಲು ಓದಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಹಿಮವೂ ಸುಮ್ಮನಿರುವುದಿಲ್ಲ. ಹಳೆಯ ಹಿಮನದಿಯೊಳಗೆ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಅದು ಸಮುದ್ರಕ್ಕೆ ಬಿದ್ದು ಕರಗುವಾಗ ಒಂದೊಂದೇ ಸಿಡಿಯುತ್ತವೆ. ಪಂಚಮಿಗೆ ಮನೆಯಲ್ಲಿ ಜೋಳದ ಅರಳು ಹುರಿಯುವಾಗ ಚಟಪಟ ಅನ್ನುತ್ತದಲ್ಲ, ಹಾಗೆ. ಆ ಚಟಪಟದಿಂದ ಹಿಮ ಎಷ್ಟು ಜೋರಾಗಿ ಕರಗುತ್ತಿದೆ ಎಂದು ಲೆಕ್ಕ ಹಾಕುವ ಪ್ರಯತ್ನವೂ ನಡೆದಿದೆ. ನಮ್ಮವರೂ ಅಲ್ಲಿದ್ದಾರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2014ರಲ್ಲಿ ಸ್ವಾಲ್ಬಾರ್ಡಿನ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲಚಾಚಿನಲ್ಲಿ 192 ಮೀಟರ್ ಆಳಕ್ಕೆ 'ಇಂಡಾರ್ಕ್' ಎಂಬ ಯಂತ್ರಗಳ ಸರಣಿ ಇಳಿಸಿದರು. ಆಮೇಲೆ ಅದೇ ನೀರಿಗೆ ಹೈಡ್ರೋಫೋನನ್ನೂ ಇಳಿಸಿದರು.

ಈಗ ಆತಂಕದ ಮಾತು. ಬೇರೆ ಸಮುದ್ರಗಳಲ್ಲಿ ಸದ್ದು ದೂರ ಓಡುವ ಹಾದಿ ಆಳದಲ್ಲಿರುತ್ತದೆ. ಹಿಮದ ಸಮುದ್ರದಲ್ಲಿ ಮೇಲಿನ ನೀರೇ ಅತಿ ತಣ್ಣಗೆ, ತಣ್ಣನೆ ನೀರಿನಲ್ಲಿ ಸದ್ದು ನಿಧಾನ, ಹಾಗಾಗಿ ಅದು ಮೇಲಕ್ಕೆ ಬಾಗಿ, ಹಿಮಕ್ಕೆ ಬಡಿದು, ಮತ್ತೆ ಬಾಗಿ, ಮೇಲಿನ ಪದರದಲ್ಲೇ ಓಡುತ್ತದೆ. ತಿಮಿಂಗಿಲಗಳು ಉಸಿರಾಡಲು ಬರುವ ಪದರವೂ ಅದೇ. ಹಿಮ ಕರಗಿದಷ್ಟೂ ಹಡಗುಗಳಿಗೆ ದಾರಿ ಜಾಸ್ತಿ. ಆರ್ಕ್ಟಿಕ್ ದೇಶಗಳ ಕೂಟದ ವರದಿಯಂತೆ 2013ರಿಂದ 2019ರೊಳಗೆ ಅಲ್ಲಿಯ ಕೆಲವು ಕಡೆ ನೀರೊಳಗಿನ ಹಡಗಿನ ಸದ್ದು ಇಮ್ಮಡಿಯಾಗಿದೆ. ಕತ್ತಲಲ್ಲಿ ಕೂಗಿ ಕೂಗಿ ಜೊತೆ ಹುಡುಕುವ ಜೀವಕ್ಕೆ ಇದು ಎಂಥ ಕಷ್ಟ, ಅಲ್ವಾ? ಹಡಗು ವೇಗ ತಗ್ಗಿಸಿದರೆ ಸದ್ದೂ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಎಷ್ಟು ತಗ್ಗಬೇಕು ಎಂದು ಹೇಳಲು ಮೊದಲು ಎಷ್ಟಿತ್ತು ಎಂಬುದು ಗೊತ್ತಿರಬೇಕಲ್ಲ! ಗದ್ದಲ ಬಂದ ಮೇಲೆ ಮೊದಲಿನ ನಿಶ್ಶಬ್ದವನ್ನು ದನಿಮುದ್ರಣ ಮಾಡಲಾಗದು.

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರು ಬಂದಾಗ ನಮ್ಮ ಹೊಲ, ಬಾವಿ, ಹಳೆ ಊರಿನ ಎಷ್ಟೋ ಓಣಿ ಮುಳುಗಡೆಯಾದವು. ನಾವು ನವನಗರಕ್ಕೆ ಬಂದೆವು. ಮನೆಯ ಅಳತೆ ಬರೆದುಕೊಂಡರು, ಗಿಡಮರ ಎಣಿಸಿದರು. ನಮ್ಮ ಹತ್ತಿರ ಹಳೆ ಮನೆಯ ಎರಡು ಫೋಟೋ ಇವೆ. ಆದರೆ ನಮ್ಮ ಓಣಿಯ ಬೆಳಗಿನ ಸದ್ದು, ಮಗ್ಗದ ಲಟಕ್ ಲಟಕ್, ಆ ಬಾವಿಯ ಗಿರಕಿಯ ಕಿರ್ರ್ ಎಂಬ ದನಿ, ಇದ್ಯಾವುದನ್ನೂ ಯಾರೂ ಹಿಡಿದಿಡಲಿಲ್ಲ. ಆಗ ನನಗೂ ಹೊಳೆಯಲಿಲ್ಲ.

ಕಾಕಾ ಈಗ ಎಂಬತ್ತು ದಾಟಿದ್ದಾರೆ. ಕಿವಿ ಸ್ವಲ್ಪ ಮಂದ. ಹೋದ ತಿಂಗಳು ಅವರ ಕಿವಿಯ ಹತ್ತಿರ ಮೊಬೈಲ್ ಹಿಡಿದು ವೆಡೆಲ್ ಸೀಲಿನ ಸದ್ದು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಇದು ನೀರಾಗಿಂದು ಏನೋ?" ಅಂದರು. ಹೌದು ಕಾಕಾ, ಹಿಮದ ಕೆಳಗಿನ ನೀರಿನದು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೊಬೈಲನ್ನು ತಾವೇ ಹಿಡಿದುಕೊಂಡು, "ಇನ್ನೊಮ್ಮೆ ಹಚ್ಚು" ಅಂದರು.

ನಮಸ್ಕಾರ.